ಭಜನೆ ಉಳಿಸಲು ಬರೆದ ಖಂಡನೆ

ದೇವರ ಪರವಾಗಿ ವಾದಕ್ಕೆ ಹೊರಟವನನ್ನು ದೇವರೇ ಮೊದಲು ಪೇಚಿಗೆ ಸಿಕ್ಕಿಸಿ ನಗುತ್ತಾನೆ. ನನಗಂತೂ ಒಂದೇ ವಾರದಲ್ಲಿ ಮೂರು ಸಲ ಹಾಗಾಯಿತು.

ಕೊಳ್ಳೇಗಾಲ ಮದರಾಸಿಗೆ, ಯಳಂದೂರು ಮೈಸೂರಿಗೆ ಸೇರಿದ್ದ ಕಾಲ. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಮಗಳನ್ನು ಕೊಟ್ಟಿದ್ದ ಯಳಂದೂರಿನ ಮೇಷ್ಟ್ರೊಬ್ಬರು ಬೀದಿಯ ಯಜಮಾನರಿಗೆ ಕಾಗದ ಬರೆದರು: "ಸೋಮವಾರದ ಭಜನೆಯಿಂದ ಮಗ್ಗದ ಕೆಲಸ ಕೆಡುತ್ತಿದೆ. ನಿಲ್ಲಿಸಿ."

ನಮ್ಮ ತಾತ ಶುರುಮಾಡಿದ ಭಜನೆ ಅದು. "ಬರೋ ಸ್ವಾಮಾರ ತೀರ್ಮಾನ ಮಾಡುವ. ಉತ್ರ ನೀನೇ ಬರಿ," ಎಂದರು ಯಜಮಾನರು. ಬೀದಿಯಲ್ಲಿ ಖಂಡನೆ ಬರೆಯಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆಯಿಂದ, ಮಾದಪ್ಪನಿಗೆ ಕೈಮುಗಿದು ಕೂತೆ.

ಎಂಟು ಪುಟ

ಎದುರಾಳಿಯ ಮಾತನ್ನು ಮೊದಲು ನ್ಯಾಯವಾಗಿ ಹೇಳಿ ಆಮೇಲೆ ಖಂಡಿಸಬೇಕು ಎಂದು ಪುರಾಣ ಹೇಳುವವರಿಂದ ಕೇಳಿದ್ದೆ. ಮೇಷ್ಟ್ರ ವಾದಕ್ಕೇ ಎಂಟು ಪುಟವಾಯಿತು. ಅಷ್ಟನ್ನು ನಾನು ಓದಿ ಹೇಳುವುದರೊಳಗೆ ಯಜಮಾನರು ತಲೆದೂಗಿದರು.

"ಸರಿಯಾಗೇ ಯೋಳವ್ರೆ ಕಣಪ್ಪ. ನಿಲ್ಸೇಬುಡುವ."

"ಅಯ್ಯೋ, ಅದು ಅವರ ವಾದ! ನಂದು ಇನ್ನು ಮುಂದೆ ಬತ್ತದೆ."

"ಇಷ್ಟು ಚೆಂದಾಗಿ ಯೋಳುದ್ ಮ್ಯಾಲೆ ಇನ್ನು ನಿಂದ್ಯಾಕ್ಲಾ?"

ಸಾಕ್ಷಿ

ಹರಿದು ಮತ್ತೆ ಬರೆದೆ. ಭಜನೆಯಿಂದ ನೇಯ್ಗೆಗೆ ಒಂದು ಎಳೆಯಷ್ಟೂ ನಷ್ಟವಿಲ್ಲ ಎಂದು ಮೂರು ದಿನ ಕೂತು ಬರೆದು, ರಾಟೆಯಲ್ಲಿ ರೇಷ್ಮೆ ಸುತ್ತುತ್ತಿದ್ದ ಹೆಂಡತಿಗೆ ಓದಿದೆ.

"ಚೆಂದಾಗದೆ. ಆದ್ರೆ ಮೇಷ್ಟ್ರು ಮಗ್ಗ ನೋಡಕ್ ಬಂದ್ರೆ ಏನ್ ಯೋಳೀರಿ?"

"ಯಾಕೆ?"

"ಭಜ್ನೆಗೆ ಮಗ್ಗ ನಿಲ್ಲೋದು ಸ್ವಾಮಾರ ಒಂದೊತ್ತು. ನಿಮ್ ಖಂಡ್ನೆಗೆ ಮೂರು ದಿನದಿಂದ ನಿಂತದಲ್ಲ!"

ಸೋಮವಾರ

ಮೇಷ್ಟ್ರೇ ಬಂದುಬಿಟ್ಟರು. ನಾನು ಕಾಗದ ಬಿಚ್ಚಿದೆ. "ಮೊದ್ಲು ದೊಡ್ಡೋರು ಮಾತಾಡ್ಲಿ," ಎಂದರು ಯಜಮಾನರು.

ಭಜನೆ ಮನೆಯಲ್ಲಿ ಮಾತಿಗೆ ಎದ್ದವರು ಮೊದಲು ಒಂದು ದೇವರ ಪದ ಹಾಡಲೇಬೇಕು. ತಾತನ ಕಾಲದ ಕಟ್ಟಳೆ. ಮೇಷ್ಟ್ರು ಮನಸ್ಸಿಲ್ಲದೆ ಎತ್ತಿಕೊಂಡರು. ಅಬ್ಬಾ, ಎಂಥ ಕಂಠ! ತಾಳ ಜೊತೆಗೂಡಿತು. ಮೇಷ್ಟ್ರು ಥಟ್ಟನೆ ನಿಲ್ಲಿಸಿದರು.

"ಇದೂ ಒಂದು ತಾಳವೇನ್ರಯ್ಯ? ಇನ್ನೊಂದ್ಸಲ!"

ಇನ್ನೊಂದು ಸಲ, ಇನ್ನೊಂದು ಸಲ ಎಂದು ಆರು ಪದವಾಯಿತು. ಅವರು ಬೆವರು ಒರೆಸಿಕೊಳ್ಳುವಾಗ ಯಜಮಾನರು ಕೇಳಿದರು:

"ಮೇಷ್ಟ್ರೇ, ಭಜ್ನೆ ನಿಲ್ಸೋ ಮಾತು?"

"ನಿಲ್ಲಿಸಲೇಬೇಕು. ಆದರೆ ನನ್ನ ಬೀಗರ ಬೀದಿ ಇಂಥ ಕೆಟ್ಟ ತಾಳದಲ್ಲಿ ಭಜನೆ ಮುಗಿಸಿತು ಅಂದರೆ ನನ್ನ ಮಾನ ಏನಾಗಬೇಕು? ಮುಂದಿನ ಸೋಮವಾರ ಬರ್ತೀನಿ. ತಾಳ ತಿದ್ದಿ, ಆಮೇಲೆ ನಿಲ್ಲಿಸೋಣ."

ನನ್ನ ಖಂಡನೆಯನ್ನು ಯಾರೂ ಓದಿಸಲಿಲ್ಲ. ಆದರೂ ಗೆದ್ದವನು ನಾನೇ ಎಂಬ ಹೆಮ್ಮೆ ನನಗುಂಟು. ಅಂದು ತಾಳ ಹಿಡಿದಿದ್ದವನು ನಾನು. ಈಗ ಕೊಳ್ಳೇಗಾಲವೂ ಮೈಸೂರಿಗೆ ಸೇರಿದೆ; ಮೇಷ್ಟ್ರು ಇಂದಿಗೂ ಒಂದು ಸೋಮವಾರ ತಪ್ಪಿಸಿಲ್ಲ. ಮಾದಪ್ಪನ ದಯೆ, ನನ್ನ ತಾಳ ಇನ್ನೂ ಸರಿಹೋಗಿಲ್ಲ.