ಕೆಂಪು ದೀಪದ ಬಾಕ್ಸು

ಗಂಡನ ಕಾರ್ಯ ಮುಗಿದು, ನೆಂಟರೆಲ್ಲ ಬೂದಿಕೋಟೆ ಬಸ್ಸು ಹತ್ತಿಹೋದ ಮರುದಿನ, ಚಾಂಪಿಯನ್ ರೀಫ್ಸ್ ಗಣಿಯ ಸೈರನ್ ಕೂಗುವ ಹೊತ್ತಿಗೆ ಕನಕಮ್ಮ ಎಂದಿನಂತೆ ಬುತ್ತಿ ತುಂಬಿ ಮುಚ್ಚಳ ಹಾಕಿಬಿಟ್ಟಿದ್ದಳು. ಅದನ್ನು ಹಿಡಿದು ನಿಂತಿದ್ದಾಗ ಬಾಗಿಲಲ್ಲಿ ಪೆರುಮಾಳ್ ಕೆಮ್ಮಿದ. ರಾಬರ್ಟ್‌ಸನ್‌ಪೇಟೆಯಲ್ಲಿ ಅವನದು ಮೈಕ್‌ಸೆಟ್ ಅಂಗಡಿ.

"ಇವತ್ತು ಕೇಳಬಾರದಮ್ಮಾ. ಸಂಜೆ ಬಂಗಾರಪೇಟೆಯಲ್ಲಿ ಮದುವೆ, ಹಾಡಿನ ಪ್ಲೇಟ್ ಹಾಕಬೇಕು. ನಿಮ್ಮೋರು ತಂದಿದ್ದ ಬಾಕ್ಸು..."

"ನಾನೇ ತಂದುಕೊಡ್ತೀನಿ."

ಅವಳ ಗಂಡ, ಗಣಿಯ ಎಲೆಕ್ಟ್ರಿಷಿಯನ್ ಕೋದಂಡಪ್ಪ, ಊರು ಬಿಟ್ಟುಹೋದ ಇಂಗ್ಲಿಷ್ ದೊರೆಯೊಬ್ಬನ ಪ್ಲೇಟ್ ತಿರುಗಿಸುವ ಯಂತ್ರ ಕೊಂಡು, ಆಂಪ್ಲಿಫೈಯರ್ ತಾನೇ ಕಟ್ಟಿ, ಮನೆಯ ಹಾಲ್‌ನಲ್ಲಿ ಎರಡು ಸ್ಪೀಕರ್ ಇಟ್ಟಿದ್ದ. ಸೂಜಿಯ ಸಣ್ಣ ದನಿಯನ್ನು ಎತ್ತಿಕೊಡಲು ಮುಂದೊಂದು ಕೆಂಪು ದೀಪ ಉರಿಯುವ ಬಾಕ್ಸು: ಪ್ರೀಆಂಪ್ಲಿಫೈಯರ್. ಅದು ಪೆರುಮಾಳನಿಂದ ತಂದ ಎರವಲು. ಜ್ವರ ಬರುವ ಹಿಂದಿನ ಸಂಜೆ ಅವನು ಹಾಕಿದ ಪ್ಲೇಟು ಇನ್ನೂ ಯಂತ್ರದ ಮೇಲೇ ಇತ್ತು. ಬಾಕ್ಸು ಹೋದರೆ ಅದು ಹಾಡೀತೇ? ಕನಕಮ್ಮನಿಗೆ ಬೇಕಿದ್ದದ್ದು ಅಷ್ಟೇ.

ಈ ಪ್ರಶ್ನೆ ಬೀದಿಗೆ ಹೊಸದಲ್ಲ. ಪಕ್ಕದ ಮನೆಯ ಜಯರಾಮಪ್ಪನವರೂ ಎದುರು ಮನೆಯ ಆರುಮುಗಂನೂ ಪ್ರತಿ ಭಾನುವಾರ ಈ ಹಾಲ್‌ನಲ್ಲೇ ಕೂತು ಇದಕ್ಕಾಗಿ ಕಿತ್ತಾಡಿದವರು. ಸುದ್ದಿ ಮುಟ್ಟಿದ್ದೇ ಇಬ್ಬರೂ ಬಂದರು.

"ಬಾಕ್ಸ್ ಕಿತ್ತರೆ ಸೆಟ್ಟು ಗಂಟಲು ಕಟ್ಟಿದ ಪೂಜಾರಿ ಆಗ್ತದೆ ಕಣಮ್ಮ," ಎಂದರು ಜಯರಾಮಪ್ಪ.

"ಅಯ್ಯೋ ಬಿಡಿ ಸಾರ್! ತಂಗಚ್ಚಿ, ಅದು ಗುಡಿ ಮುಂದಿನ ನಂದಿ ಇದ್ದಂಗೆ. ಕೈ ಮುಗೀದೆ ನೇರ ಒಳಕ್ಕೋದ್ರೆ ದೇವರು ಬ್ಯಾಡ ಅಂತಾನಾ?" ಎಂದ ಆರುಮುಗಂ.

ಕನಕಮ್ಮ ಬುತ್ತಿಯನ್ನು ಅವರ ನಡುವೆ ಇಟ್ಟಳು. ವಾದಿಸುತ್ತಲೇ ಇಬ್ಬರೂ ಅದನ್ನು ಖಾಲಿ ಮಾಡಿದರು.

ಕೈತೊಳೆದು ಬಂದ ಜಯರಾಮಪ್ಪ ಭಾರದ ಬಾಕ್ಸೆಂದು ಪಂಚೆ ಎತ್ತಿ ಕಟ್ಟಿ, ದಮ್ಮು ಕಟ್ಟಿ ಎತ್ತಿದರು. ಬಾಕ್ಸು ಖಾಲಿ ಬೆಂಕಿಪೊಟ್ಟಣದಂತೆ ಮೇಲೆದ್ದಿತು. ಅವರು ಆಯತಪ್ಪಿ ಹಿಂದಕ್ಕೆ ಕೂತುಬಿಟ್ಟರು. ಮುಚ್ಚಳ ತೆಗೆದರೆ ಒಳಗೆ ಒಂದು ಕೆಂಪು ಬಲ್ಬು, ಅದಕ್ಕೊಂದು ವೈರು. ಬೇರೇನೂ ಇಲ್ಲ.

ಆರುಮುಗಂ ಹೋ ಎಂದು ನಕ್ಕ. ಯಾರ ಮನೆಯಲ್ಲಿ ನಗುತ್ತಿದ್ದೇನೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ಆಮೇಲೆ ಬಾಕ್ಸನ್ನು ಬದಿಗಿಟ್ಟು ಸೆಟ್ಟು ಹಾಕಿ, ಸೂಜಿಯನ್ನು ಬೆರಳಿನಿಂದ ಸವರಿದ. ಸ್ಪೀಕರೆರಡೂ ಗುಡುಗಿದವು.

"ನಾ ಯೋಳಲಿಲ್ವಾ? ಒಂದು ವರ್ಷ ದೀಪ ನೋಡ್ಕಂಡು ತಲೆ ತೂಗಿದ್ರಲ್ಲ ಸಾರ್!"

ಕನಕಮ್ಮನಿಗೆ ಗಂಡನ ಮಾತು ನೆನಪಾಯಿತು: ಜಯರಾಮಪ್ಪನವರಿಗೆ ದೀಪ ಕಂಡರೇನೇ ಕಿವಿ ಕೇಳೋದು.

"ಪ್ಲೇಟ್ ಹಾಕ್ಲಾ ತಂಗಚ್ಚಿ?"

"ಬೇಡಣ್ಣ. ಬಾಕ್ಸ್ ಕೊಟ್ಟು ಬರ್ತೀನಿ." ಅವಳಿಗೆ ಒಬ್ಬಳೇ ಕೂತು ಕೇಳಬೇಕಿತ್ತು. ಇನ್ನು ಯಾವಾಗ ಬೇಕಾದರೂ ಕೇಳಬಹುದಲ್ಲ.

"ನೀನ್ಯಾಕಮ್ಮ ಈಗಲೇ ಪೇಟೆಗೆ? ಜನ ಏನಂದಾರು?" ಎಂದರು ಜಯರಾಮಪ್ಪ, ಸೋತ ದನಿಯಲ್ಲಿ. ಅವಳು ಸೆರಗು ಹೊದ್ದು ಹೊರಟಳು.

ಅಂಗಡಿಯಲ್ಲಿ ಬಾಕ್ಸು ಕೈಗೆ ಬಂದೊಡನೆ ಪೆರುಮಾಳನ ಮುಖ ಇಳಿಯಿತು.

"ಅಮ್ಮಾ, ಒಳಗಿನ ಸಾಮಾನು?"

"ಇರಲೇ ಇಲ್ಲ."

"ಇತ್ತಮ್ಮಾ. ಹೊರಗಿದ್ರೆ ಗುಂಯ್‌ಗುಡ್ತದೆ, ಸೆಟ್ಟೊಳಗೇ ಕೂರಿಸಿ ನೋಡ್ತೀನಿ ಅಂದಿದ್ರು ನಿಮ್ಮೋರು. ಕೂರಿಸಿಬಿಟ್ಟಿದಾರೆ."

ಮದುವೆ ಮನೆಯವರ ವ್ಯಾನಿನಲ್ಲೇ ಇಬ್ಬರೂ ಬಂದರು. ಪೆರುಮಾಳ್ ಸೆಟ್ಟಿನ ಹಿಂಬದಿ ಬಿಚ್ಚಿ, ಸಾಲ್ಡರಿಂಗ್ ಕಡ್ಡಿ ಕಾಯಲಿಟ್ಟ.

"ತೆಗೆಯೋಕೆ ಮುಂಚೆ ಒಂದ್ಸಲ ಪ್ಲೇಟ್ ಹಾಕ್ಲಾ ಅಮ್ಮಾ?"

ಅಷ್ಟರಲ್ಲಿ ಜಯರಾಮಪ್ಪನವರೂ ಆರುಮುಗಂನೂ ಬಂದು ಭಾನುವಾರದ ಜಾಗಗಳಲ್ಲೇ ಕೂತಿದ್ದರು. ಹೊರಗೆ ವ್ಯಾನು ಹಾರನ್ ಹೊಡೆಯಿತು.

"ಬೇಡ. ಅವರು ಕಾಯ್ತಿದಾರೆ."

ವಾಲ್ವು, ವೈರು ಎಲ್ಲ ಹೊರಗೆ ಬಂದವು. ಆರುಮುಗಂ ಮತ್ತೆ ಸೂಜಿ ಸವರಿದ. ಉಗುರಿನಲ್ಲಿ ಕೆರೆದ. ಕಿವಿಯನ್ನು ಸ್ಪೀಕರಿಗೇ ಒತ್ತಿದ. ಗೋಡೆಯಾಚೆ ಇರುವೆ ನಡೆದಷ್ಟು ಸದ್ದು.

"ನಾನು ಹೇಳಲಿಲ್ವಾ? ಬಾಕ್ಸ್ ಬೇಕೇ ಬೇಕು!" ಎಂದರು ಜಯರಾಮಪ್ಪ.

ಕನಕಮ್ಮ ಸಾಮಾನನ್ನೆಲ್ಲ ತಾನೇ ಬಾಕ್ಸಿನೊಳಗಿಟ್ಟು ಮುಂದೆ ಚಾಚಿದಳು. ಪೆರುಮಾಳ್ ಒಳಗೆ ಇಣುಕಿದ.

"ಈ ಕೆಂಪು ಬಲ್ಬು ನಂದಲ್ಲಮ್ಮಾ."

"ಇರಲಿ," ಎಂದು ಅವಳು ಮುಚ್ಚಳ ಹಾಕಿದಳು. "ಮದುವೆ ಮನೆಯಲ್ಲೂ ಯಾರಾದರೊಬ್ಬ ಜಯರಾಮಪ್ಪನವರು ಇರ್ತಾರೆ."