ಸೀರಮ್ಮನ ಮೂರು ಕೋಟು

“ಈ ಮುಖ ಇದೆಯಲ್ಲ, ಈ ಮುಖ! ಇದನ್ನ ಗಾಜಿನ ಹಾಗೆ ಹೊಳೆಯೋ ಥರ ಮಾಡದಿದ್ರೆ ನನ್ನನ್ನ ಪಾಲಿಶ್ ಮಾಸ್ತರು ಅಂತ ಯಾರೂ ಕರೀಬೇಡಿ!”

ಬಚ್ಚಲುಮನೆಯ ಕನ್ನಡಿಯ ಮುಂದೆ ಪಾಲಿಶ್ ಮಾಸ್ತರು ಹೀಗೆ ಘೋಷಿಸಿದಾಗ ಕೇಳಿಸಿಕೊಳ್ಳಲು ಇದ್ದದ್ದು ಅವರ ಹೆಂಡತಿ, ಜೊತೆಗೊಂದು ಸೋರುವ ನಲ್ಲಿ. ನಲ್ಲಿ ‘ಟಪ್’ ಎಂದಿತು. ಹೆಂಡತಿ, “ಮುಖ ಆಮೇಲೆ ಹೊಳೀಲಿ, ಮೊದಲು ಈ ನಲ್ಲಿ ನಿಲ್ಲಿಸಿ” ಎಂದರು.

ಮಾಸ್ತರು ಸುಮ್ಮನೆ ಕೊಚ್ಚಿಕೊಳ್ಳುವವರಲ್ಲ. ಹಳೆಯ ಮರದ ಸಾಮಾನುಗಳಿಗೆ ಮರುಜನ್ಮ ಕೊಡುವ ಕೈ ಅದು. ಬಣ್ಣಗೆಟ್ಟ ಮೇಜು, ಬಿಸಿ ಲೋಟದ ಉಂಗುರ ಬಿದ್ದ ಟೀಪಾಯಿ, ಅಜ್ಜಂದಿರ ಕಾಲದ ಮಂಚ, ಯಾವುದೇ ಬರಲಿ, ಮಾಸ್ತರ ಕೈಯಿಂದ ಹೋಗುವಾಗ ಮದುಮಗಳಂತೆ ಹೋಗುತ್ತಿತ್ತು. ಅಂಗಡಿ ಅವರದೂ ಅವರ ಅಣ್ಣನದೂ. ತಮ್ಮನಾದ ಮಾಸ್ತರು ಹಿಂದಿನ ಅಂಗಳದಲ್ಲಿ ಬಿಸಿಲು, ಧೂಳು, ವಾರ್ನಿಷ್ ಮೂರನ್ನೂ ಕುಡಿಯುತ್ತ ಉಜ್ಜುವುದು. ಅಣ್ಣ ಮುಂದೆ ಫ್ಯಾನಿನ ಕೆಳಗೆ ಕೂತು ಗಿರಾಕಿಗಳನ್ನು ಮಾತಾಡಿಸುವುದು. ಇಬ್ಬರಿಗೂ ಒಂದೇ ಅಚ್ಚಿನ ಮೂಗು. ಆದರೆ ಆ ಮೂಗಿನ ಸುತ್ತ ಅಣ್ಣನಿಗೆ ಬೆಣ್ಣೆ ಮೆತ್ತಿದಂತಿತ್ತು, ತಮ್ಮನಿಗೆ ಗೋಣಿತಾಟು ಸುತ್ತಿದಂತಿತ್ತು!

ಈಗ ಅಂಗಡಿಗೆ ಹೊಸ ಬೋರ್ಡು ಬರುವುದಿತ್ತು. ನಡುವೆ ಒಂದು ಮುಖ. ಅದರ ಎಡಕ್ಕೆ ಮಾಸಿದ ಕುರ್ಚಿಯ ಚಿತ್ರ, ಕೆಳಗೆ ‘ಪಾಲಿಶ್‌ಗೆ ಮೊದಲು’. ಬಲಕ್ಕೆ ಅದೇ ಕುರ್ಚಿ ಫಳಫಳ ಹೊಳೆಯುತ್ತ, ಕೆಳಗೆ ‘ಪಾಲಿಶ್ ಆದ ಮೇಲೆ’.

“ನಡುವಿನ ಮುಖ ನಿಂದೇ ಇರಲಿ ಕಣೋ,” ಎಂದಿದ್ದರು ಅಣ್ಣ. “ಕೆಲಸ ನಿಂದು, ಮುಖ ನಂದು ಅಂದ್ರೆ ನನಗೇ ನಾಚಿಕೆ.”

ಮಾಸ್ತರು ಹಿಗ್ಗಿಹೋಗಿದ್ದರು. ಇಷ್ಟು ವರ್ಷ ಹಿಂದಿನ ಅಂಗಳದಲ್ಲೇ ಸವೆದ ಮುಖ ರಸ್ತೆಯ ಮೇಲೆ ಬರುವುದೆಂದರೇನು! ಆ ಸಂಭ್ರಮದಲ್ಲೇ ಅವರು ಅಂಗಡಿಯ ಮುಂಭಾಗಕ್ಕೆ ಬಂದು ನಿಂತದ್ದು. ಆಗಲೇ ಕನ್ನಡಕದಮ್ಮ ಒಳಗೆ ಬಂದದ್ದು. ಆಕೆ ಹೊಸ ಗಿರಾಕಿ. ಕನ್ನಡಕವನ್ನು ಮೂಗಿನ ಮೇಲಲ್ಲ, ಸದಾ ತಲೆಯ ಮೇಲೆ ಏರಿಸಿಕೊಂಡಿರುವಾಕೆ. ಅಣ್ಣ ಪಕ್ಕದ ಅಂಗಡಿಗೆ ಹೋಗಿದ್ದರು.

“ತಾತ, ನನ್ನ ಕುರ್ಚಿ ಆಯ್ತಾ? ಎಲ್ಲಿ, ನಿಮ್ಮ ಮಗ ಕಾಣಿಸ್ತಿಲ್ಲ?”

ತಾತ! ಅದೂ ಅಣ್ಣನಿಗೇ ಅಪ್ಪ!

“ಕನ್ನಡಕ ತಲೆ ಮೇಲಿತ್ತು ಅಂತೀರಲ್ಲ, ಆಕೆಗೇನು ಕಂಡಿರುತ್ತೆ, ಬಿಟ್ಟಾಕಿ” ಎಂದು ಮನೆಯಲ್ಲಿ ಹೆಂಡತಿ ಸಮಾಧಾನ ಹೇಳಿದರು. ಆದರೆ ಹೇಳುವಾಗ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ಮಾಸ್ತರ ಕಣ್ಣಿಗೆ ಅದು ಬಿತ್ತು. ಈ ಮುಖ ಹೀಗೇ ಬೋರ್ಡಿಗೆ ಏರಿದರೆ ಊರಿಗೆ ಊರೇ ತಾತ ಅನ್ನುತ್ತದೆ! ಘೋಷಣೆ ಹುಟ್ಟಿದ್ದು ಹೀಗೆ.

ಉಪಾಯ ಸಿಕ್ಕಿದ್ದು ಮಗಳ ಕಪಾಟಿನಲ್ಲಿ, ಒಂದು ಪುಟ್ಟ ಕಂದು ಬಾಟಲಿಯ ರೂಪದಲ್ಲಿ.

“ಇದೇನಮ್ಮಾ?”

“ಸೀರಮ್ ಅಪ್ಪ.”

“ಸೀರಮ್ಮನಾ? ಯಾರ ಪೈಕಿ?”

“ಅಯ್ಯೋ, ಸೀರಮ್ಮ ಅಲ್ಲ, ಸೀರಮ್! ಮುಖಕ್ಕೆ ಹಚ್ಚೋದು. ಇದರಲ್ಲಿ ಮೆಲ್ಲಗೆ ಕೆಲಸ ಮಾಡೋ ಒಂದು ಆಸಿಡ್ ಇರುತ್ತೆ. ಮೇಲಿನ ಸತ್ತ ಚರ್ಮ ತೆಗೆಯುತ್ತೆ.”

“ಸತ್ತಿದ್ದನ್ನೆಲ್ಲ ತೆಗೆದ್ರೆ ನಿಮ್ಮಪ್ಪನ ಮುಖದಲ್ಲಿ ಉಳಿಯೋದೇನೇ?” ಎಂದಿತು ಅಡುಗೆಮನೆ.

ಮಗಳು ಬೆರಳು ಮಡಚಿ ಹೇಳಿದಳು. ರಾತ್ರಿ ಹೊತ್ತು ಎರಡೇ ಹನಿ. ದಿನಾ ಬೇಡ, ವಾರಕ್ಕೊಂದೆರಡು ಸಲ. ಉಜ್ಜಬಾರದು. ಮೇಲೊಂದು ಕ್ರೀಮ್. ಮುಖ್ಯವಾಗಿ ಬಿಸಿಲಿಗೆ ಮುಖ ಒಡ್ಡಬಾರದು. ಮಾಸ್ತರು ತಲೆಯಾಡಿಸುತ್ತ ಕೇಳಿದರು. ಗಿರಾಕಿಗಳು ಮರದ ಬಗ್ಗೆ ತಮಗೇ ಪಾಠ ಹೇಳುವಾಗ ತಲೆಯಾಡಿಸುತ್ತಾರಲ್ಲ, ಹಾಗೆ.

ಮೊದಲ ರಾತ್ರಿ ನಿಯತ್ತಾಗಿ ಎರಡು ಹನಿ ಹಚ್ಚಿದರು. ಬೆಳಿಗ್ಗೆ ಕನ್ನಡಿಯಲ್ಲಿ ಅದೇ ಗೋಣಿತಾಟು.

“ಅಲ್ವೇ, ಎರಡು ಹನೀಲಿ ಒಂದು ಸ್ಟೂಲಿನ ಕಾಲೂ ಒದ್ದೆ ಆಗಲ್ಲ! ಹುಡುಗರಿಗೆ ಕೆಲಸದ ಕ್ರಮವೇ ಗೊತ್ತಿಲ್ಲ” ಎಂದು ಹೆಂಡತಿಗೆ ಹೇಳಿದರು. “ಯಾವುದಕ್ಕೇ ಆಗಲಿ ಮೊದಲು ಉಜ್ಜಬೇಕು. ಆಮೇಲೆ ಒಂದು ಕೋಟು ವಾರ್ನಿಷ್. ಒಣಗಬೇಕು. ಮತ್ತೆ ಉಜ್ಜಬೇಕು, ಮತ್ತೆ ಕೋಟು. ಮೂರು ಕೋಟು ಬೀಳದೆ ಯಾವ ಹಲಗೆ ತಾನೆ ಹೊಳೆದಿದೆ?”

“ಅದು ಹಲಗೆ. ಇದು ಮುಖ ರೀ.”

“ವ್ಯತ್ಯಾಸ ಏನು?”

“ನಿಮ್ಮದರಲ್ಲಿ ಏನೂ ಇಲ್ಲ, ಒಪ್ತೀನಿ” ಎಂದು ಹೆಂಡತಿ ಚೀಲ ಹಿಡಿದು ಮಗಳ ಜೊತೆ ಪೇಟೆಗೆ ಹೊರಟರು.

ಅಂದು ಭಾನುವಾರ. ಮರುದಿನ ಬೋರ್ಡಿನವನು ಕ್ಯಾಮೆರಾ ಹಿಡಿದು ಬರುವವನಿದ್ದ. ಮನೆ ಖಾಲಿ, ಬಾಟಲಿ ತುಂಬಿದೆ. ಇನ್ನೇನು ಬೇಕು!

ಮಾಸ್ತರು ಬನಿಯನ್ ಮೇಲೆ ಕೆಲಸದ ಏಪ್ರನ್ ಕಟ್ಟಿಕೊಂಡರು. ಸ್ಯಾಂಡ್‌ಪೇಪರ್ ಒಂದು ಕ್ಷಣ ಕೈಗೆ ಬಂದದ್ದು ನಿಜ. ಆದರೆ ಅವರೇನು ಬುದ್ಧಿಗೇಡಿಯೇ? ಅದನ್ನು ಇಟ್ಟು, ಹೆಂಡತಿ ಹಿಮ್ಮಡಿ ಉಜ್ಜುವ ಕಲ್ಲು ತೆಗೆದುಕೊಂಡರು! ಹಣೆಯಿಂದ ಗದ್ದದವರೆಗೆ, ಮರದ ಎಳೆ ನೋಡಿ ಉಜ್ಜುವಂತೆಯೇ, ಒಂದು ಹದದಲ್ಲಿ ಕೈ ಓಡಿತು. ಬಟ್ಟೆಯ ಉಂಡೆ ಕಟ್ಟಿ, ಸೀರಮ್ಮನಲ್ಲಿ ಅದ್ದಿ, ಮೊದಲ ಕೋಟು ಎಳೆದರು. ಚುರ್ ಎಂದಿತು.

“ಆಹಾ! ಕುಡೀತಿದೆ, ಕುಡೀತಿದೆ!” ಎಂದು ಮಾಸ್ತರು ಹಿಗ್ಗಿದರು. ಒಣಮರ ಮೊದಲ ಕೋಟನ್ನು ಕುಡಿಯುವುದು ಅವರಿಗೆ ಗೊತ್ತಿಲ್ಲದ ಸಂಗತಿಯೇ?

ಮತ್ತೆ ಕಲ್ಲು, ಎರಡನೆಯ ಕೋಟು. ಈ ಸಲ ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪವೆಂದುಕೊಂಡರು. ಮತ್ತೆ ಕಲ್ಲು, ಮೂರನೆಯ ಕೋಟು. ಬಾಟಲಿ ಬರಿದಾಯಿತು. ಇನ್ನು ಉಳಿದದ್ದು ಒಣಗಿಸುವ ಕೆಲಸ. ಕೊನೆಯ ಕೋಟು ಒಣಗಬೇಕಾದದ್ದು ಎಲ್ಲಿ? ಬಿಸಿಲಲ್ಲಿ! ಮಾಸ್ತರು ತಾರಸಿಗೆ ಕುರ್ಚಿ ಒಯ್ದು, ಸೂರ್ಯನಿಗೆ ಮುಖ ಕೊಟ್ಟು ಕೂತರು. ಯಾವುದೋ ರಾಜ್ಯ ಗೆದ್ದು ಬಂದವರ ಹಾಗೆ!

ಪೇಟೆಯಿಂದ ಬಂದ ಹೆಂಡತಿ ತಾರಸಿಗೆ ಕಾಲಿಟ್ಟವರೇ, “ಯಾರ್ರೀ ಅದು?” ಎಂದು ಕೂಗಿದರು.

“ನಾನೇ ಕಣೇ! ಗುರುತು ಸಿಗ್ಲಿಲ್ವಾ? ಅಷ್ಟು ಬದಲಾಗಿದೀನಾ?” ಮಾಸ್ತರ ದನಿಯಲ್ಲಿ ಹೆಮ್ಮೆ.

“ಬದಲಾಗೋದೇನು, ಬೆಂದಿದೀರಿ! ಲೇ, ಬೇಗ ಬಾರೇ, ನಿಮ್ಮಪ್ಪ ಸುಟ್ಟ ಬದನೆಕಾಯಿ ಆಗಿದಾರೆ!”

ಮಗಳು ಬಂದಳು, ನೋಡಿದಳು, ತಲೆ ಮೇಲೆ ಕೈ ಹೊತ್ತಳು. “ಅಪ್ಪಾ! ಎಷ್ಟು ಹನಿ ಹಚ್ಚಿದೆ?”

“ಹನಿ ಎಲ್ಲಿ ಬಂತು? ಕೋಟು ಅಂತ ಕೇಳು.”

ಮುಂದೆ ತಣ್ಣೀರು, ತಣ್ಣನೆ ಬಟ್ಟೆ, ಬರೀ ಕ್ರೀಮು. ಉರಿಯ ಜೊತೆಗೆ ಬೈಗುಳದ ಕೋಟುಗಳೂ ಬಿದ್ದವು. ಅವು ಮೂರಕ್ಕೇ ನಿಲ್ಲಲಿಲ್ಲ. “ನನ್ನ ಸೀರಮ್ ಎಲ್ಲಾ ಮುಗಿಸಿದೆ” ಎಂದು ಮಗಳು ಒಂದು ಕಡೆ, “ನನ್ನ ಹಿಮ್ಮಡಿ ಕಲ್ಲು! ಥೂ!” ಎಂದು ಹೆಂಡತಿ ಇನ್ನೊಂದು ಕಡೆ. ಉತ್ತರ ಕೊಡೋಣವೆಂದರೆ ಬಾಯಿ ತೆರೆದಾಗೆಲ್ಲ ಕೆನ್ನೆ ಚುರುಗುಡುತ್ತಿತ್ತು.

ಬೆಳಗಾಗುವಷ್ಟರಲ್ಲಿ ಹಳೇ ಕಿಟಕಿಯ ಬಣ್ಣದಂತೆ ಮುಖ ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಬೋರ್ಡಿನವನು ಕ್ಯಾಮೆರಾದೊಳಗಿನಿಂದ ಒಮ್ಮೆ ನೋಡಿದ, ಹೊರಗಿನಿಂದ ಒಮ್ಮೆ ನೋಡಿದ. ಗಾಜು ಒರೆಸಿಕೊಂಡು ಮತ್ತೆ ನೋಡಿದ.

ಮಾಸ್ತರು ತಲೆ ತಗ್ಗಿಸಿದರು. “ಅಣ್ಣಾ, ನಿಂದೇ ತೆಗೆಸು. ನನ್ನ ಮುಖಕ್ಕೆ ಹಿಂದಿನ ಅಂಗಳವೇ ಸರಿ.”

ಅಣ್ಣ ಆ ಸಿಪ್ಪೆಯೆದ್ದ ಮುಖವನ್ನು ನೋಡಿದರು. ನಗು ತಡೆದುಕೊಂಡರೋ ಮತ್ತೇನನ್ನು ತಡೆದುಕೊಂಡರೋ, ದನಿ ಮಾತ್ರ ಮೆತ್ತಗಾಗಿತ್ತು. “ನೀನಿಲ್ಲದ ಬೋರ್ಡು ನನಗೆ ಬೇಡ. ಇಬ್ಬರದೂ ತೆಗಿಯಪ್ಪ.”

“ಜಾಗ ಒಂದೇ ಮುಖಕ್ಕೆ ಇರೋದು ಸಾರ್.”

“ಕುರ್ಚಿ ಚಿತ್ರ ತೆಗೆದುಹಾಕು. ಹೇಗಾದ್ರೂ ಹೊಂದಿಸು.”

ಅವನು ಹೊಂದಿಸಿದ. ಕುರ್ಚಿಗಳನ್ನು ತೆಗೆದ, ಆ ಜಾಗದಲ್ಲಿ ಅಣ್ಣತಮ್ಮಂದಿರನ್ನು ಕೂರಿಸಿದ. ಕುರ್ಚಿಯ ಕೆಳಗಿನ ಅಕ್ಷರ ತೆಗೆಯಲು ಅವನಿಗೆ ಯಾರೂ ಹೇಳಿರಲಿಲ್ಲವಲ್ಲ!

ಎರಡು ದಿನ ಬಿಟ್ಟು ಬೋರ್ಡು ಮೇಲೇರಿ ಹಗ್ಗ ಬಿಚ್ಚಿದ ಮೇಲೆಯೇ ಎಲ್ಲರೂ ನೋಡಿದ್ದು. ಎಡಕ್ಕೆ ಮಾಸ್ತರ ಕೆಂಪು ಸಿಪ್ಪೆಮುಖ: ‘ಪಾಲಿಶ್‌ಗೆ ಮೊದಲು’. ಬಲಕ್ಕೆ ಅಣ್ಣನ ಬೆಣ್ಣೆಮುಖ: ‘ಪಾಲಿಶ್ ಆದ ಮೇಲೆ’!

ರಸ್ತೆಯಲ್ಲಿ ಹೋಗುವವರು ನಿಂತು ನಿಂತು ನಕ್ಕರು. ನಕ್ಕವರಲ್ಲಿ ಕೆಲವರು ಒಳಗೂ ಬಂದು, ಮುರುಕು ಮೇಜೊಂದಿದೆ ಎಂದರು. ಬೋರ್ಡು ಇಳಿಸೋಣವೆಂದಿದ್ದ ಅಣ್ಣ ಆಮೇಲೆ ಆ ಮಾತೆತ್ತಲಿಲ್ಲ. “ಅಂತೂ ನಿಮ್ಮ ಮುಖ ರಸ್ತೆಗೆ ಬಂತು” ಎಂದು ಹೆಂಡತಿ ಅಭಿನಂದಿಸಿದರು.

ಸಂಜೆ ಕನ್ನಡಕದಮ್ಮ ಬಂದರು. ಕನ್ನಡಕ ಎಂದಿನಂತೆ ತಲೆಯ ಮೇಲೆ. ಬಾಗಿಲಲ್ಲೇ ನಿಂತು ಬೋರ್ಡನ್ನೊಮ್ಮೆ ನೋಡಿದರು, ಫ್ಯಾನಿನ ಕೆಳಗೆ ಕೂತಿದ್ದ ಅಣ್ಣನನ್ನೊಮ್ಮೆ ನೋಡಿದರು. ಮೂಗು ಒಂದೇ! ಆಕೆಯ ಮುಖ ಅರಳಿತು.

“ಅಬ್ಬಾ! ತಾತ, ನೀವೇನಾ ಇದು? ಎಷ್ಟು ಚೆನ್ನಾಗಿ ಆಗಿದೀರಿ!”

ಅಣ್ಣನ ಬೆಣ್ಣೆಮುಖ ಪೆಚ್ಚಾಯಿತು. ಕುರ್ಚಿ ಹೊತ್ತು ತಂದ ಮಾಸ್ತರು ಅದನ್ನು ಅಲ್ಲೇ ಕುಕ್ಕಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ತಾತನ ಪಟ್ಟ ಕೊನೆಗೂ ಅಣ್ಣನ ತಲೆಗೆ ಹೋಯಿತಲ್ಲ! ಕೆನ್ನೆಯ ಸಿಪ್ಪೆ ಉದುರಿದರೂ ನಗು ನಿಲ್ಲಲಿಲ್ಲ.

ಆ ಸದ್ದಿಗೆ ಕನ್ನಡಕದಮ್ಮ ತಿರುಗಿದರು. ಅಪರೂಪಕ್ಕೆ ಕನ್ನಡಕವನ್ನು ತಲೆಯಿಂದಿಳಿಸಿ ಮೂಗಿಗೇರಿಸಿ, ಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ಚೆನ್ನಾಗಿ ನೋಡಿದರು. ಆಮೇಲೆ ಅಣ್ಣನ ಕಡೆ ಬಾಗಿ, ಬಹಳ ಗೌರವದಿಂದ ದನಿ ತಗ್ಗಿಸಿ ಕೇಳಿದರು:

“ತಾತ, ಇವರು ನಿಮ್ಮ ತಂದೆಯವರಾ?”