ಸುಬ್ಬಾರಾವ್‌ಗಾರಿಗೆ ನಾನು ಸಾಫ್ಟ್‌ವೇರ್ ಕಲಿಸಿದ್ದು

ಜನರನ್ನು ಬದಲಾಯಿಸುವುದೇ ನನ್ನ ಉದ್ಯೋಗ ಎಂದರೆ ನನ್ನ ಹೆಂಡತಿ ಬಿದ್ದು ಬಿದ್ದು ನಗುತ್ತಾಳೆ. ಒದ್ದೆ ಟವೆಲ್ಲನ್ನು ಮಂಚದ ಮೇಲೆ ಎಸೆಯುವ ನನ್ನ ಅಭ್ಯಾಸವನ್ನೇ ಬಿಡಿಸಲು ಅವಳಿಗೆ ಇವತ್ತಿಗೂ ಆಗಿಲ್ಲ. ಆದರೂ ಮಾತು ಸುಳ್ಳಲ್ಲ. ಲಾರಿ ಬಿಡಿಭಾಗ ಮಾರುವ ನಮ್ಮ ಕಂಪನಿಗೆ, ಪ್ರತಿ ಸಾಮಾನಿಗೂ ನಂಬರು ಕೊಟ್ಟು ಲೆಕ್ಕವಿಡುವ ಹೊಸ ಸಾಫ್ಟ್‌ವೇರ್ ಬಂದಾಗ, ಶಾಖೆ ಶಾಖೆಗೆ ಹೋಗಿ ಹಳಬರನ್ನು ಒಲಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. ಧಾರವಾಡದವನಾದ ನಾನು ವಿಶಾಖಪಟ್ಟಣದ ಮಧುರವಾಡದ ಆಫೀಸಿನಲ್ಲಿ ಹನ್ನೆರಡು ವರ್ಷ ಕಳೆದು, ನಮ್ಮ 'ರೀ' ಬದಲು ಮಾತಿಗೊಮ್ಮೆ 'ಅಂಡಿ' ಎನ್ನುವಷ್ಟು ತೆಲುಗು ಕಲಿತಿದ್ದೇನೆ ಎಂಬುದೊಂದೇ ನನ್ನ ಅರ್ಹತೆ.

ಮೊದಲ ಶಾಖೆ ವಿಜಯವಾಡದ ಆಟೋನಗರ್. ಅಲ್ಲಿಯ ಗೋದಾಮು ಮೂವತ್ತು ವರ್ಷದಿಂದ ಸುಬ್ಬಾರಾವ್‌ಗಾರ ಕೈಯಲ್ಲಿತ್ತು. ಯಾವ ಸಾಮಾನು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವ ಮನುಷ್ಯ. ನನ್ನ ಎರಡು ಗಂಟೆಯ ಪಾಠ ಕೇಳಿ, ಕಾಫಿ ಕೊಡಿಸಿ, "ಚಾಲಾ ಬಾಗುಂದಿ ಸಾರ್" ಎಂದು ಬಾಯಿ ತುಂಬ ಹೊಗಳಿದರು. ಮರುದಿನ ಕೆಲಸಕ್ಕೆ ಬರಲಿಲ್ಲ.

ಕೌಂಟರಿನಲ್ಲಿ ನಾನೇ ಕುಳಿತೆ. ಮೆಕ್ಯಾನಿಕ್ಕೊಬ್ಬ "ಆನೆ ಕಿವಿ ಎರಡು ಕೊಡಿ" ಎಂದ. ಟೈಪು ಮಾಡಿದೆ. ಅಂಥದ್ದು ಇಲ್ಲವೆಂದಿತು ಸಾಫ್ಟ್‌ವೇರು. ಇನ್ನೊಬ್ಬನಿಗೆ "ಅತ್ತೆ ಬಳೆ" ಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಸಾಲು ರಸ್ತೆ ಮುಟ್ಟಿತು. ನಾನು ಸುಬ್ಬಾರಾವ್‌ಗಾರ ಮನೆಗೆ ಓಡಿದೆ.

ಅವರು ವರಾಂಡದಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದರು. "ಎಲ್ಲಾ ಅದರೊಳಗೇ ಇದ್ದ ಮೇಲೆ ನಾನ್ಯಾಕೆ ಬಾಬೂ?" ಎಂದರು. ನಾನೂ ಪಕ್ಕದಲ್ಲಿ ಕುಳಿತು ಒಂದು ಕಟ್ಟು ಸೊಪ್ಪು ಎತ್ತಿಕೊಂಡೆ.

"ಅದರಲ್ಲಿ ಆನೆ ಕಿವಿ ಇಲ್ಲ ಸುಬ್ಬಾರಾವ್‌ಗಾರೂ," ಎಂದೆ.

"ಇಲ್ವಾ?" ಸೊಪ್ಪು ಕೆಳಗಿಟ್ಟರು. "ಅತ್ತೆ ಬಳೆ?"

"ಅದೂ ಇಲ್ಲ."

"ಮತ್ತೇನಿದೆ ಅದರಲ್ಲಿ!" ಎಂದವರು ಚಪ್ಪಲಿ ಮೆಟ್ಟಿ ನನಗಿಂತ ಮುಂಚೆ ಬೀದಿಯಲ್ಲಿದ್ದರು.

ಆನೆ ಕಿವಿಯೆಂದರೆ ಚಕ್ರದ ಹಿಂದೆ ಕೆಸರು ತಡೆಯುವ ರಬ್ಬರು. ಅತ್ತೆ ಬಳೆಯೆಂದರೆ ಸದಾ ಸದ್ದು ಮಾಡುವ ಒಂದು ದಪ್ಪ ಉಂಗುರ. ಒಂದು ವಾರ ಅವರು ಹೇಳಿದರು, ನಾನು ಬರೆದುಕೊಂಡೆ. ಪ್ರತಿ ನಂಬರಿನ ಪಕ್ಕದಲ್ಲೂ ಮೆಕ್ಯಾನಿಕ್ಕುಗಳು ಇಟ್ಟ ಹೆಸರು ಸೇರಿತು. ಆಮೇಲೆ ಸುಬ್ಬಾರಾವ್‌ಗಾರು ಮೌಸು ಬಿಟ್ಟು ಏಳಲೇ ಇಲ್ಲ. ಮೇಲಿನವರಿಗೆ ಇದು ಎಷ್ಟು ಹಿಡಿಸಿತೆಂದರೆ, ಹುಬ್ಬಳ್ಳಿ ಶಾಖೆಯವರಿಗೆ ಪಾಠ ಹೇಳಲು ಅವರನ್ನೇ ಕಳಿಸಿದರು. ನನ್ನನ್ನೂ ಕಳಿಸಿದರು, ದುಭಾಷಿಯಾಗಿ.

ಊರ ಕಡೆ ಹೋಗುವ ಸಂಭ್ರಮದಲ್ಲಿ ನನಗೆ ಅವಮಾನವೂ ಆಗಲಿಲ್ಲ. ಅವರು ತೆಲುಗಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಪಾಠ ಮುಗಿದ ಮೇಲೆ ಅಲ್ಲಿಯ ಗೋದಾಮಿನ ಬಸಪ್ಪನವರು ಪ್ರೀತಿಯಿಂದ ನನ್ನ ಎರಡೂ ಕೈ ಹಿಡಿದುಕೊಂಡರು.

"ಭಾಳ ಖುಷಿ ಆತ್ರೀ ಸರ್. ಆಂಧ್ರದವ್ರಾದ್ರೂ ಕನ್ನಡಾ ಎಷ್ಟ್ ಛಲೋ ಕಲ್ತೀರಿ!"

ನಾನು ಧಾರವಾಡದವನೇ ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು, "ಥ್ಯಾಂಕ್ಸ್ ಅಂಡಿ."